ನೀರಿನಲ್ಲಿ ರೋಗಾಣು ಎಣಿಸಿದ ರಾಬರ್ಟ್ ಕಾಕ್

ಮಕ್ಕಳೇ, ಲೋಟದ ನೀರು ತಿಳಿಯಾಗಿದೆ, ವಾಸನೆ ಇಲ್ಲ, ರುಚಿಯೂ ಚೆನ್ನಾಗಿದೆ. ಅಷ್ಟಕ್ಕೇ ಅದು ಕುಡಿಯಲು ಯೋಗ್ಯ ಎನ್ನಬಹುದೇ? ಸಾಧ್ಯವಿಲ್ಲ. ಕಣ್ಣಿಗೆ ಕಾಣದ ರೋಗಾಣುಗಳು ಅದರಲ್ಲಿ ಇರಬಹುದು. ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಎಣಿಸುವ ದಾರಿ ತೋರಿಸಿದವರು ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್.

ಕಾಕ್ ಹುಟ್ಟಿದ್ದು 1843ರ ಡಿಸೆಂಬರ್ 11ರಂದು, ಕ್ಲಾಸ್ತಾಲ್ ಎಂಬ ಗಣಿ ಊರಿನಲ್ಲಿ. 1866ರಲ್ಲಿ ವೈದ್ಯ ಪದವಿ ಪಡೆದರು. ಸಣ್ಣ ಊರೊಂದರಲ್ಲಿ ಸರ್ಕಾರಿ ವೈದ್ಯರಾಗಿದ್ದಾಗ ಮನೆಯಲ್ಲೇ ಪ್ರಯೋಗಾಲಯ ಮಾಡಿಕೊಂಡರು. ದನ, ಕುರಿಗಳನ್ನು ಕೊಲ್ಲುವ ಅಂಥ್ರಾಕ್ಸ್ ರೋಗಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣವೆಂದು 1876ರಲ್ಲಿ ತೋರಿಸಿದರು. 1882ರಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದರು.

ಆ ಕಾಲದಲ್ಲಿ ಕಾಲರಾ ಬಂದರೆ ಊರಿಗೆ ಊರೇ ನಡುಗುತ್ತಿತ್ತು. ಅದರ ಕಾರಣ ಹುಡುಕುತ್ತ ಕಾಕ್ 1883ರಲ್ಲಿ ಈಜಿಪ್ಟಿಗೆ, ಅಲ್ಲಿಂದ ನಮ್ಮ ದೇಶದ ಕಲ್ಕತ್ತೆಗೆ ಬಂದರು. 1884ರಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದರು. ಜನರು ಸ್ನಾನ ಮಾಡಿ, ಬಟ್ಟೆ ಒಗೆದು, ಕುಡಿಯಲೂ ಬಳಸುತ್ತಿದ್ದ ಕೆರೆಯ ನೀರಿನಲ್ಲೂ ಅದು ಸಿಕ್ಕಿತು. ಆದರೂ ಎಲ್ಲ ವಿಜ್ಞಾನಿಗಳು ಅವರ ಮಾತನ್ನು ಒಪ್ಪಲಿಲ್ಲ.

1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿತು. ಸುಮಾರು 8,600 ಜನ ಸತ್ತರು. ಪಕ್ಕದಲ್ಲೇ ಅಂಟಿಕೊಂಡಿದ್ದ ಆಲ್ಟೋನಾ ನಗರದಲ್ಲಿ ಮಾತ್ರ ರೋಗ ಬಹಳ ಕಡಿಮೆ! ಎರಡೂ ನಗರಗಳಿಗೆ ಎಲ್ಬೆ ನದಿಯದೇ ನೀರು. ಅದರಲ್ಲೂ ಆಲ್ಟೋನಾಕ್ಕೆ ಸಿಗುತ್ತಿದ್ದುದು ಹ್ಯಾಂಬರ್ಗಿನ ಕೊಳಚೆ ಸೇರಿದ ನೀರು. ಹಾಗಾದರೆ ವ್ಯತ್ಯಾಸ ಎಲ್ಲಿ? ಆಲ್ಟೋನಾದಲ್ಲಿ ನೀರನ್ನು ಮರಳಿನ ಪದರಗಳ ಮೂಲಕ ನಿಧಾನವಾಗಿ ಸೋಸಿ ಕೊಡುತ್ತಿದ್ದರು. ಹ್ಯಾಂಬರ್ಗಿನಲ್ಲಿ ಸೋಸುತ್ತಿರಲಿಲ್ಲ.

ಸೋಸಿದ ನೀರು ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಕಾಕ್ ನೀರನ್ನು ಕರಗಿಸಿದ ಜೆಲಟಿನ್ ಜೊತೆ ಬೆರೆಸಿ ಗಾಜಿನ ಮೇಲೆ ಹರಡುತ್ತಿದ್ದರು. ಕೆಲವು ದಿನಗಳಲ್ಲಿ ಒಂದೊಂದು ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತಿತ್ತು. ಚುಕ್ಕೆ ಎಣಿಸಿದರೆ ಲೆಕ್ಕ ಸಿಕ್ಕಿತು! ಸೋಸಿದ ನೀರಿನ 1 ಮಿಲಿಲೀಟರಿನಲ್ಲಿ ಇವು 100ಕ್ಕಿಂತ ಹೆಚ್ಚಿರಬಾರದು ಎಂದು ಅವರು ಮಿತಿ ಹಾಕಿದರು. 1893ರಲ್ಲಿ ಹ್ಯಾಂಬರ್ಗಿಗೂ ಮರಳಿನ ಸೋಸುವ ಘಟಕ ಬಂತು. ಕಾಕ್ ಅವರಿಗೆ 1905ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. 1910ರ ಮೇ 27ರಂದು ಅವರು ತೀರಿಕೊಂಡರು.

ಇಂದು ದೇಶದೇಶಗಳಿಗೂ ಕುಡಿಯುವ ನೀರಿನ ನಿಯಮಗಳಿವೆ. ಕೆಲವು ಮಿತಿಗಳು ಬೇರೆ ಬೇರೆ. ಉದಾಹರಣೆಗೆ, 1 ಲೀಟರ್ ನೀರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದ ಮಾನದಂಡದಲ್ಲಿ ಅದು 1 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ ಮಾತ್ರ 1.5ರವರೆಗೆ ಒಪ್ಪಿಗೆ. ಅಮೆರಿಕದ ಕಾನೂನಿನ ಮಿತಿ 4 ಮಿಲಿಗ್ರಾಂ. ಬಿಸಿಲಿನ ನಾಡಿನವರು ಹೆಚ್ಚು ನೀರು ಕುಡಿಯುತ್ತಾರೆ, ಆದ್ದರಿಂದ ಅವರ ದೇಹ ಸೇರುವ ಫ್ಲೋರೈಡ್ ಕೂಡ ಹೆಚ್ಚು ಎಂಬುದನ್ನು ನೆನಪಿಡಿ.

ಮಲದಿಂದ ನೀರಿಗೆ ಸೇರುವ ಇ-ಕೋಲೈ ಬ್ಯಾಕ್ಟೀರಿಯಾದ ವಿಷಯದಲ್ಲಿ ಮಾತ್ರ ವಿಶ್ವ ಆರೋಗ್ಯ ಸಂಸ್ಥೆ, ಭಾರತ, ಯುರೋಪ್ ಒಕ್ಕೂಟ ಎಲ್ಲವೂ ಒಂದೇ ಮಾತು ಹೇಳುತ್ತವೆ: 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು.

ನಿಮ್ಮ ಶಾಲೆಯ ಕುಡಿಯುವ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಗುರುಗಳ ಜೊತೆ ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ. ಬಂದ ಅಂಕಿಗಳನ್ನು ತರಗತಿಯ ಗೋಡೆಯ ಮೇಲೆ ಬರೆದು ಹಾಕಿ.