ಕರ್ಮವೀರ ಭಾವೂರಾವ ಪಾಟೀಲರು

ದಾನವೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವವರು ಸಿರಿವಂತರು. ಕೈಯಲ್ಲಿ ಕಾಸಿಲ್ಲದವನೂ ಮಹಾದಾನಿಯಾಗಬಲ್ಲನೆಂಬುದಕ್ಕೆ ಭಾವೂರಾವ ಪಾಟೀಲರ ಬಾಳೇ ಸಾಕ್ಷಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಅವರ ಚರಿತ್ರೆ ನನಗೆ ಪರರ ಕಥೆಯೆನಿಸಲಿಲ್ಲ.

ಭಾವೂರಾಯರು 1887ರಲ್ಲಿ ಕೊಲ್ಹಾಪುರ ಸಂಸ್ಥಾನದ ಕುಂಭೋಜ ಗ್ರಾಮದಲ್ಲಿ ಜೈನ ಮನೆತನವೊಂದರಲ್ಲಿ ಜನಿಸಿದರು. ಇವರ ಪೂರ್ವಿಕರು ನಮ್ಮ ಮೂಡಬಿದಿರೆಯ ಕಡೆಯವರೆಂದು ಹೇಳುತ್ತಾರೆ. ಕೊಲ್ಹಾಪುರದಲ್ಲಿ ಓದುತ್ತಿದ್ದಾಗ, 1908ರಲ್ಲಿ, ಅಸ್ಪೃಶ್ಯ ಮಕ್ಕಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದ ಈ ತರುಣನು ಮೈಲಿಗೆಯ ಸ್ನಾನ ಮಾಡಲು ಒಪ್ಪಲಿಲ್ಲ. ತಾನಿದ್ದ ವಿದ್ಯಾರ್ಥಿನಿಲಯವನ್ನು ಬಿಡಬೇಕಾಯಿತು. ಅವನಿಗೆ ಆಶ್ರಯವಿತ್ತವರು ಶಾಹೂ ಮಹಾರಾಜರು. ಶಾಲೆಯ ಓದು ಮೆಟ್ರಿಕ್ ಮುಟ್ಟಲಿಲ್ಲ. ಮುಂದೆ ಹೊಟ್ಟೆಪಾಡಿಗಾಗಿ ಕಿರ್ಲೋಸ್ಕರರ ಕಬ್ಬಿಣದ ನೇಗಿಲುಗಳನ್ನು ಮಾರುತ್ತ ಊರೂರು ತಿರುಗಿದರು. ಹಳ್ಳಿಯ ರೈತನ ಅಜ್ಞಾನವೂ ಬಡತನವೂ ಅವರಿಗೆ ಪುಸ್ತಕದಿಂದ ತಿಳಿದವಲ್ಲ.

1919ರಲ್ಲಿ ಕರಾಡ ತಾಲೂಕಿನ ಕಾಲೆ ಗ್ರಾಮದಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಅದು ಸಾತಾರಾಕ್ಕೆ ಬಂದಿತು. ಆಲದ ಮರವೇ ಅದರ ಲಾಂಛನ.

ಈ ಕಾರ್ಯದಲ್ಲಿ ಅವರು ಹಿರಿಯರಿಂದ ಕಲಿತ ಬಗೆ ಗಮನಾರ್ಹವಾದುದು. ವಿದ್ಯೆ ಎಲ್ಲರ ಸೊತ್ತೆಂಬುದನ್ನು ಜ್ಯೋತಿಬಾ ಫುಲೆಯವರು 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜದಿಂದ ಕಲಿತರು. ಹಳ್ಳಿಯ ಹುಡುಗನಿಗೆ ಪಾಠಕ್ಕಿಂತ ಮೊದಲು ಅನ್ನ ಮತ್ತು ಸೂರು ಬೇಕೆಂಬುದನ್ನು ಶಾಹೂ ಮಹಾರಾಜರ ವಿದ್ಯಾರ್ಥಿನಿಲಯಗಳಿಂದ ಕಲಿತರು. ಆದರೆ ಆ ನಿಲಯಗಳು ಮರಾಠರಿಗೊಂದು, ಜೈನರಿಗೊಂದು, ಲಿಂಗಾಯತರಿಗೊಂದು, ಮುಸಲ್ಮಾನರಿಗೊಂದು ಎಂಬಂತೆ ಬೇರೆಬೇರೆಯಾಗಿದ್ದವು. ಭಾವೂರಾಯರು ಕಲ್ಪನೆಯನ್ನು ಸ್ವೀಕರಿಸಿದರು, ಗೋಡೆಗಳನ್ನು ಸ್ವೀಕರಿಸಲಿಲ್ಲ. ಸಾತಾರಾದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. 1927ರಲ್ಲಿ ಗಾಂಧೀಜಿಯವರು ಬಂದು ಆ ನಿಲಯಕ್ಕೆ ಶಾಹೂ ಮಹಾರಾಜರ ಹೆಸರನ್ನೇ ಇಟ್ಟರು. ಗುರುವನ್ನು ಮೀರಿಯೂ ಗುರುವನ್ನು ಗೌರವಿಸುವುದು ಹೀಗೆ.

ಬೊಕ್ಕಸವಿಲ್ಲದ ಈ ಸಂಸ್ಥೆ ನಡೆದುದು ಹೇಗೆ? ಹಳ್ಳಿಗರು ತಮ್ಮ ಪಾಲಿನ ಕಾಳುಕಡಿ ಕೊಟ್ಟರು. ಮಕ್ಕಳು ತಾವೇ ಅಡಿಗೆ ಮಾಡಿದರು, ಹೊಲದಲ್ಲಿ ದುಡಿದರು. ಕಣಜ ಬರಿದಾದಾಗ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನೂ, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟು ಆ ಮಕ್ಕಳ ಹೊಟ್ಟೆ ತುಂಬಿಸಿದರು. 1930ರಲ್ಲಿ ಆ ತಾಯಿ ತೀರಿಕೊಂಡರು. ಸಂಸ್ಥೆಯ ವೈಭವವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

1935ರಲ್ಲಿ ಶಿಕ್ಷಕರ ತರಬೇತಿ ವಿದ್ಯಾಲಯ, 1940ರಲ್ಲಿ ಸಯಾಜೀರಾವ್ ಮಹಾರಾಜರ ಹೆಸರಿನ ಪ್ರೌಢಶಾಲೆ, 1947ರಲ್ಲಿ ಶಿವಾಜಿ ಕಾಲೇಜು ಹುಟ್ಟಿದವು. ಗಾಂಧೀಜಿಯವರ ನಿಧನಾನಂತರ ಅವರ ನೆನಪಿಗಾಗಿ 101 ಪ್ರೌಢಶಾಲೆಗಳನ್ನು ತೆರೆಯುವ ಸಂಕಲ್ಪ ತೊಟ್ಟರು. ಮೆಟ್ರಿಕ್ ಮುಗಿಸದ ಈ ಮಹನೀಯರಿಗೆ 1959ರಲ್ಲಿ ಪುಣೆ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷದ ಮೇ 9ರಂದು ಅವರು ಕೀರ್ತಿಶೇಷರಾದರು.

ಪರರ ಅನ್ನ ಉಂಡು ಓದುವವನಿಗೆ ಒಳಗೊಳಗೇ ಒಂದು ಸಂಕೋಚವಿರುತ್ತದೆ. ಅದನ್ನು ನಾನು ಬಲ್ಲೆ. ಭಾವೂರಾಯರು ಆ ಸಂಕೋಚಕ್ಕೆ ಔಷಧ ಕಂಡುಹಿಡಿದರೆಂದು ನನ್ನ ಅಭಿಪ್ರಾಯ. ದುಡಿದು ಕಲಿಯುವ ಪದ್ಧತಿಯಿಂದ ಅವರು ಪಡೆಯುವವನ ತಲೆಯನ್ನು ಬಾಗಿಸದೆ ಕೊಟ್ಟರು. ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ ಎಂಬ ಭೇದವೇ ಅಲ್ಲಿ ಉಳಿಯಲಿಲ್ಲ. ಅಲ್ಲಿ ಕಲಿತವರು ಶಿಕ್ಷಕರಾಗಿ ಹಳ್ಳಿಗಳಿಗೆ ಹಿಂತಿರುಗಿದರು. ಪದವಿ ಪಡೆದು ಹೊರಡಲಿರುವ ನಾವೂ ನಮ್ಮ ಊರಿನ ಒಂದು ಮಗುವನ್ನಾದರೂ ಶಾಲೆಗೆ ಕೈಹಿಡಿದು ಕರೆತಂದರೆ, ಆ ಆಲದ ಬಿಳಲೊಂದು ನಮ್ಮ ನೆಲವನ್ನೂ ಮುಟ್ಟಿದಂತಾದೀತು.