ವಿಕ್ಟರಿ ಹಡಗಿನ ನೆಲ್ಸನ್: ಮೊದಲ ಗುಂಡು ಹೈದರಾಲಿಯ ನೌಕೆಗೆ, ಕೊನೆಯುಸಿರು ಟ್ರಫಾಲ್ಗರ್‌ನಲ್ಲಿ

ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್ಸ್‌ಮತ್ ಬಂದರಿನ ಡ್ರೈ ಡಾಕ್‌ನಲ್ಲಿ 1922ರಿಂದಲೂ ಮರದ ಹಡಗೊಂದು ಕದಲದೆ ನಿಂತಿದೆ. ಅದರ ಹೆಸರು ವಿಕ್ಟರಿ. ವಸ್ತುಸಂಗ್ರಹಾಲಯವಾಗಿ ದಶಕಗಳೇ ಕಳೆದರೂ ದಾಖಲೆಯ ಮಟ್ಟಿಗೆ ಅದು ಬ್ರಿಟಿಷ್ ನೌಕಾಪಡೆಯಿಂದ ಇನ್ನೂ ನಿವೃತ್ತವಾಗಿಲ್ಲ. ಅದರ ಮೇಲಿನ ಡೆಕ್‌ನಲ್ಲಿ ಪುಟ್ಟದೊಂದು ಹಿತ್ತಾಳೆಯ ಫಲಕವಿದೆ. 1805ರ ಅಕ್ಟೋಬರ್ 21ರ ಮಧ್ಯಾಹ್ನ ಹೊರೇಶಿಯೊ ನೆಲ್ಸನ್ ಗುಂಡೇಟಿಗೆ ಕುಸಿದುಬಿದ್ದ ಜಾಗವದು. ಆತ ಪ್ರಾಣಬಿಟ್ಟ ಕತ್ತಲ ಮೂಲೆ ಹಲವು ಮೆಟ್ಟಿಲು ಕೆಳಗೆ, ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಅಲ್ಲಿಗೆ ತಲುಪಬೇಕಾದರೆ ಸಾಧಾರಣ ಎತ್ತರದವರೂ ತಲೆ ಬಗ್ಗಿಸಲೇಬೇಕು. ಅದು ಗೌರವಕ್ಕೆಂದು ಮಾಡಿದ ಏರ್ಪಾಡಲ್ಲ, ತೊಲೆಗಳೇ ಅಷ್ಟು ತಗ್ಗು.

ನೆಲ್ಸನ್ ಹುಟ್ಟಿದ್ದು 1758ರ ಸೆಪ್ಟೆಂಬರ್ 29ರಂದು, ನಾರ್ಫೋಕ್ ಪ್ರಾಂತ್ಯದ ಬರ್ನಂ ಥಾರ್ಪ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಪಾದ್ರಿ. ಹನ್ನೊಂದು ಮಕ್ಕಳ ಮನೆಯಲ್ಲಿ ಈತ ಆರನೆಯವನು. ಒಂಬತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ. ಸೋದರಮಾವ ಮಾರಿಸ್ ಸಕ್ಲಿಂಗ್ ನೌಕಾಪಡೆಯಲ್ಲಿ ಕ್ಯಾಪ್ಟನ್ ಆಗಿದ್ದುದರಿಂದ ಹನ್ನೆರಡರ ಬಾಲಕನ ಹೆಸರು 1771ರಲ್ಲಿ ಆತನ ಹಡಗಿನ ಪಟ್ಟಿಗೆ ಸೇರಿತು. ಮೈಕಟ್ಟು ಬಡಕಲು, ಅದರ ಮೇಲೆ ಸಮುದ್ರದ ವಾಂತಿ. ಆ ವಾಂತಿಯ ಕಾಟ ದಳಪತಿಯಾದ ಮೇಲೂ ಆತನನ್ನು ಬಿಡಲಿಲ್ಲ.

ಎರಡೇ ವರ್ಷಗಳಲ್ಲಿ ಉತ್ತರಧ್ರುವದ ಹಿಮಗಡಲನ್ನೂ ಕಂಡುಬಂದ ಹುಡುಗ ಬಳಿಕ ಸೀಹಾರ್ಸ್ ಎಂಬ ಹಡಗು ಹತ್ತಿ 1774ರ ಮೇ ತಿಂಗಳಲ್ಲಿ ಮದ್ರಾಸಿಗೆ ಬಂದಿಳಿದ. ಆತನ ಜೀವನಕಥೆ ಕನ್ನಡ ನಾಡಿನ ಚರಿತ್ರೆಯನ್ನು ತಾಕುವುದು ಇಲ್ಲಿಯೇ. 1775ರ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಣವನ್ನು ಹೇರಿಕೊಂಡು ಸೀಹಾರ್ಸ್ ಮುಂಬಯಿಗೆ ಹೊರಟಿತ್ತು. ಫೆಬ್ರವರಿ 19ರಂದು ಹೈದರಾಲಿಯ ಎರಡು ಸಣ್ಣ ಯುದ್ಧನೌಕೆಗಳು ಅದಕ್ಕೆ ಎದುರಾದವು. ಮೈಸೂರಿನ ದೊರೆತನವನ್ನು ಕೈಗೆ ತೆಗೆದುಕೊಂಡಿದ್ದ ಹೈದರಾಲಿ ಕರಾವಳಿಯ ಬಂದರುಗಳನ್ನು ಹಿಡಿದು ಸ್ವಂತ ನೌಕಾಬಲವನ್ನು ಕಟ್ಟಲು ಹೆಣಗುತ್ತಿದ್ದ ಕಾಲವದು. ಗುಂಡಿನ ವಿನಿಮಯ ಬಹಳ ಹೊತ್ತು ನಡೆಯಲಿಲ್ಲ, ಮೈಸೂರಿನ ನೌಕೆಗಳು ಹಿಂದೆಗೆದವು. ಯಾವ ದೊಡ್ಡ ಇತಿಹಾಸದಲ್ಲೂ ಜಾಗ ಪಡೆಯುವಂಥ ಕಾಳಗವೇನಲ್ಲ. ಆದರೆ ಮುಂದೆ ಯೂರೋಪಿನ ಕಡಲುಗಳನ್ನೆಲ್ಲ ಆಳಿದವನು ಹದಿನಾರನೇ ವಯಸ್ಸಿನಲ್ಲಿ ಕಂಡ ಮೊದಲ ಯುದ್ಧ ಅದೇ.

ಭಾರತ ಆತನಿಗೆ ಕೊಟ್ಟ ಇನ್ನೊಂದು ಕಾಣಿಕೆ ಮಲೇರಿಯಾ. ಬದುಕುವ ಆಸೆಯಿಲ್ಲದ ಸ್ಥಿತಿಯಲ್ಲಿ 1776ರ ಮಾರ್ಚ್‌ನಲ್ಲಿ ಮುಂಬಯಿಯಿಂದ ಹಡಗೇರಿಸಿ ಕಳುಹಿಸಲಾಯಿತು. ತಿಂಗಳುಗಟ್ಟಲೆಯ ಆ ಪ್ರಯಾಣದಲ್ಲಿ ಮನಸ್ಸು ತೀರ ಕುಗ್ಗಿಹೋಗಿ, ಮತ್ತೆ ಅಲ್ಲಿಯೇ ಚಿಗುರಿತೆಂದು ಆತ ಬಹಳ ಕಾಲದ ಮೇಲೆ ನೆನೆಸಿಕೊಳ್ಳುತ್ತಿದ್ದ. ಜ್ವರ ಮಾತ್ರ ಜೀವನದುದ್ದಕ್ಕೂ ಆಗಾಗ ಮರುಕಳಿಸುತ್ತಿತ್ತು.

ಇಪ್ಪತ್ತರ ಹರೆಯಕ್ಕೆ ಕ್ಯಾಪ್ಟನ್ ಪದವಿ ಬಂತು. 1787ರಲ್ಲಿ ವೆಸ್ಟ್ ಇಂಡೀಸ್‌ನ ನೇವಿಸ್ ದ್ವೀಪದಲ್ಲಿ ಫ್ರಾನ್ಸಸ್ ನಿಸ್ಬೆಟ್ ಎಂಬ ವಿಧವೆಯನ್ನು ಮದುವೆಯಾದ. ಆಮೇಲೆ ಐದು ವರ್ಷ ಕೆಲಸವಿಲ್ಲದೆ, ಅರ್ಧ ಸಂಬಳದಲ್ಲಿ, ತಂದೆಯ ಹಳ್ಳಿಯಲ್ಲಿ ಕಾಲ ನೂಕಿದ. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಸಿಡಿಯದಿದ್ದರೆ ಈ ಹೆಸರನ್ನು ಇಂದು ಯಾರೂ ಕೇಳುತ್ತಿರಲಿಲ್ಲ. ಯುದ್ಧ ಹೆಸರನ್ನು ಕೊಟ್ಟಿತು, ಅಂಗಾಂಗಗಳನ್ನು ಕಸಿದುಕೊಂಡಿತು. 1794ರಲ್ಲಿ ಕಾರ್ಸಿಕಾದ ಕಾಲ್ವಿ ಮುತ್ತಿಗೆಯಲ್ಲಿ ಬಲಗಣ್ಣಿನ ದೃಷ್ಟಿ ಹೋಯಿತು. 1797ರ ಜುಲೈನಲ್ಲಿ ಟೆನೆರೀಫ್ ದ್ವೀಪದಲ್ಲಿ ಬಲಗೈ ಹೋಯಿತು. ಎಡಗೈಯಲ್ಲಿ ಬರೆಯುವುದನ್ನು ಹೊಸದಾಗಿ ಕಲಿತು ವರ್ಷ ತುಂಬುವುದರೊಳಗೆ ಆತ ಮತ್ತೆ ಕಡಲಿನಲ್ಲಿದ್ದ.

1798ರ ಆಗಸ್ಟ್ 1ರ ಸಂಜೆ ಈಜಿಪ್ಟಿನ ಅಬುಕೀರ್ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಫ್ರೆಂಚ್ ನೌಕಾದಳದ ಮೇಲೆ ನೆಲ್ಸನ್ ಎರಗಿದ. ಕದನ ಮುಗಿಯುವಷ್ಟರಲ್ಲಿ ಹದಿಮೂರು ದೊಡ್ಡ ಹಡಗುಗಳ ಪೈಕಿ ಹನ್ನೊಂದು ಸೆರೆಯಾಗಿದ್ದವು ಇಲ್ಲವೇ ನಾಶವಾಗಿದ್ದವು. ನೆಪೋಲಿಯನ್ ಬೋನಪಾರ್ಟೆಯ ಸೇನೆ ಈಜಿಪ್ಟಿನಲ್ಲಿಯೇ ಸಿಕ್ಕಿಬಿತ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಫ್ರೆಂಚರ ನೆರವಿನ ದಾರಿ ಕಾಯುತ್ತಿದ್ದ ದಿನಗಳವು. ಇದರ ಮಹತ್ವವನ್ನು ಅರಿತ ನೆಲ್ಸನ್, ಗೆಲುವಿನ ಸುದ್ದಿಯೊಡನೆ ಒಬ್ಬ ಅಧಿಕಾರಿಯನ್ನು ಭೂಮಾರ್ಗವಾಗಿಯೇ ಮುಂಬಯಿಗೆ ಅಟ್ಟಿದ. ಈಸ್ಟ್ ಇಂಡಿಯಾ ಕಂಪನಿ ಕೃತಜ್ಞತೆಯಿಂದ ಆತನಿಗೆ 10,000 ಪೌಂಡ್ ಬಹುಮಾನ ಕೊಟ್ಟಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಫ್ರೆಂಚರು ನಿಜಕ್ಕೂ ಇಲ್ಲಿಯವರೆಗೆ ಬರುತ್ತಿದ್ದರೇ ಎಂಬುದು ಬೇರೆಯೇ ಪ್ರಶ್ನೆ, ಆದರೆ ಬರುವ ಕಡಲ ದಾರಿಯನ್ನು ಮುಚ್ಚಿದವರಲ್ಲಿ, ಒಂದು ಕಾಲಕ್ಕೆ ಟಿಪ್ಪುವಿನ ತಂದೆಯ ನೌಕೆಗಳ ಗುಂಡಿಗೆ ಎದುರು ನಿಂತಿದ್ದ ಆ ಹುಡುಗನೇ ಮೊದಲಿಗ.

ಅಲ್ಲಿಂದ ಮುಂದಿನ ಅಧ್ಯಾಯ ಅಷ್ಟು ಉಜ್ವಲವಲ್ಲ. ನೇಪಲ್ಸ್‌ನಲ್ಲಿ ಬ್ರಿಟಿಷ್ ರಾಯಭಾರಿಯ ಪತ್ನಿ ಎಮ್ಮಾ ಹ್ಯಾಮಿಲ್ಟನ್‌ಳೊಡನೆ ಬೆಳೆದ ಸಂಬಂಧವನ್ನು ಯೂರೋಪೆಲ್ಲ ಆಡಿಕೊಂಡಿತು. ಅದಕ್ಕಿಂತ ಘೋರವಾದದ್ದು 1799ರಲ್ಲಿ ಅದೇ ನೇಪಲ್ಸ್‌ನಲ್ಲಿ ನಡೆಯಿತು. ಕರಾರಿನ ಮೇಲೆ ಶರಣಾಗಿದ್ದ ಗಣರಾಜ್ಯವಾದಿಗಳ ಆ ಕರಾರನ್ನು ನೆಲ್ಸನ್ ತಳ್ಳಿಹಾಕಿದ. ಅಡ್ಮಿರಲ್ ಕರಾಚೊಲೊನನ್ನು ಅವಸರದ ವಿಚಾರಣೆಯ ಬಳಿಕ ಹಡಗಿನ ಕಂಬಕ್ಕೆ ನೇತುಹಾಕಲಾಯಿತು. ಹಲವರು ಗಲ್ಲಿಗೇರಿದರು. ಆತನನ್ನು ಮೆಚ್ಚುವ ಚರಿತ್ರಕಾರರೂ ಈ ಪುಟಗಳಲ್ಲಿ ತಡವರಿಸುತ್ತಾರೆ. 1801ರಲ್ಲಿ ಎಮ್ಮಾಳಿಗೆ ಹೊರೇಶಿಯಾ ಎಂಬ ಮಗಳು ಹುಟ್ಟಿದಳು. ಪತ್ನಿ ಫ್ರಾನ್ಸಸ್ ದೂರವಾದಳು.

ವಿಕ್ಟರಿ ಈ ಬದುಕಿನೊಳಗೆ ಬಂದದ್ದು ತಡವಾಗಿ. ಕೆಂಟ್ ಪ್ರಾಂತ್ಯದ ಚಾಥಂನಲ್ಲಿ 1759ರಲ್ಲಿ ಕಟ್ಟಲಾರಂಭಿಸಿ 1765ರಲ್ಲಿ ನೀರಿಗಿಳಿಸಿದ ಹಡಗಿಗೆ ಸುಮಾರು 6,000 ಮರಗಳು ಬೇಕಾದವು, ಬಹುಪಾಲು ಓಕ್. 1797ರ ಹೊತ್ತಿಗೆ ಅದು ಯುದ್ಧಕ್ಕೆ ಬಾರದ್ದೆಂದು ತೀರ್ಮಾನಿಸಿ ಕೈದಿಗಳ ಆಸ್ಪತ್ರೆಯನ್ನಾಗಿ ಮಾಡಲಾಯಿತು. ಮತ್ತೊಂದು ದೊಡ್ಡ ಹಡಗು 1799ರಲ್ಲಿ ಅಪಘಾತಕ್ಕೀಡಾಗದಿದ್ದರೆ ವಿಕ್ಟರಿಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ದುರಸ್ತಿಯಾಗಿ ಹೊರಬಂದ ಹಡಗನ್ನು ನೆಲ್ಸನ್ 1803ರ ಮೇ ತಿಂಗಳಲ್ಲಿ ಏರಿದ. ಫ್ರಾನ್ಸಿನ ತುಲಾಂ ಬಂದರಿನ ಮೇಲೆ ಕಣ್ಣಿಟ್ಟು, ಹತ್ತಿರ ಹತ್ತಿರ ಎರಡು ವರ್ಷ ಆತ ನೆಲಕ್ಕೆ ಕಾಲಿಡಲಿಲ್ಲ.

ಇಂದು ಒಳಗೆ ಅಡ್ಡಾಡುವವರಿಗೆ ದಳಪತಿಯ ವಿಶಾಲ ಕೋಣೆ, ಹಿಂಬದಿಯ ಗಾಜಿನ ಕಿಟಕಿಗಳ ಸಾಲು ಮೊದಲು ಕಣ್ಣಿಗೆ ಬೀಳುತ್ತವೆ. ಕೆಳಗಿನ ತೋಪಿನ ಡೆಕ್‌ಗೆ ಇಳಿದಾಗ ಚಿತ್ರ ಬದಲಾಗುತ್ತದೆ. ಅಲ್ಲಿ 32 ಪೌಂಡ್ ತೂಕದ ಗುಂಡು ಹಾರಿಸುವ 30 ತೋಪುಗಳು, ಒಂದೊಂದೂ ಸುಮಾರು 3 ಟನ್ ಭಾರ. ಆ ತೋಪುಗಳ ನಡುವೆಯೇ ಊಟದ ಹಲಗೆ, ಅವುಗಳ ಮೇಲೆಯೇ ತೂಗುಹಾಸಿಗೆ. ಸುಮಾರು 820 ಮಂದಿ ಬಾಳುತ್ತಿದ್ದ ಈ ಹಡಗಿನಲ್ಲಿ ಅಮೆರಿಕನ್ನರೂ ಇದ್ದರು, ಬೆರಳೆಣಿಕೆಯ ಫ್ರೆಂಚರೂ ಇದ್ದರು. ಅನೇಕರನ್ನು ಬೀದಿಯಿಂದ, ವ್ಯಾಪಾರಿ ಹಡಗುಗಳಿಂದ ಬಲವಂತವಾಗಿ ಹಿಡಿದು ತರಲಾಗಿತ್ತು. ತನ್ನ ನಾವಿಕರಿಗೆ ತಾಜಾ ತರಕಾರಿ, ಈರುಳ್ಳಿ, ನಿಂಬೆ ಸಿಗುವಂತೆ ನೆಲ್ಸನ್ ಪಟ್ಟ ಪಾಡು ಆತನ ಪತ್ರಗಳಲ್ಲಿ ತುಂಬಿದೆ. ಗೆಲುವಿಗೆ ಬೇಕಾದ ಲೆಕ್ಕಾಚಾರವೂ ಅದರಲ್ಲಿತ್ತು, ಕರುಣೆಯೂ ಇತ್ತು.

ಸ್ಪೇನಿನ ಟ್ರಫಾಲ್ಗರ್ ಭೂಶಿರದ ಬಳಿ ಫ್ರಾನ್ಸ್ ಮತ್ತು ಸ್ಪೇನಿನ 33 ಹಡಗುಗಳಿಗೆ ಎದುರಾಗಿ ನೆಲ್ಸನ್ ನಿಲ್ಲಿಸಿದ್ದು 27 ಹಡಗುಗಳನ್ನು. ಸಾಲಿಗೆ ಸಾಲು ನಿಲ್ಲುವ ಹಳೆಯ ಪದ್ಧತಿ ಬಿಟ್ಟು, ಎರಡು ಕವಲಾಗಿ ಶತ್ರುಗಳ ಸಾಲನ್ನು ಸೀಳಿ ನುಗ್ಗುವುದು ಆತನ ಯೋಜನೆ. ಮುಂದಿನ ಹಡಗು ಎದುರಾಳಿಯ ತೋಪುಗಳಿಗೆ ಬಹಳ ಹೊತ್ತು ಮೈಯೊಡ್ಡಲೇಬೇಕು. ಅದು ವಿಕ್ಟರಿಯೇ ಆಗಿತ್ತು. ಎದೆಯ ಮೇಲೆ ಬಿರುದಿನ ನಕ್ಷತ್ರಗಳಿದ್ದ ಕೋಟು ತೊಟ್ಟು ಆತ ಡೆಕ್ ಮೇಲೆ ಶತಪಥ ಹಾಕುತ್ತಿದ್ದ. ಮಧ್ಯಾಹ್ನ ಸುಮಾರು ಒಂದೂಕಾಲಕ್ಕೆ, ಅಂಟಿಕೊಂಡು ನಿಂತಿದ್ದ ಫ್ರೆಂಚ್ ಹಡಗು ರೆದುತಾಬ್ಲ್‌ನ ಕೂವೆಕಂಬದ ಮೇಲಿನಿಂದ ಹಾರಿದ ಗುಂಡು ಎಡಭುಜದಿಂದ ಹೊಕ್ಕು ಬೆನ್ನೆಲುಬನ್ನು ಮುರಿಯಿತು. ಹೊತ್ತು ಕೆಳಗಿಳಿಸುವಾಗ ನಾವಿಕರು ಎದೆಗುಂದಬಾರದೆಂದು ಮುಖದ ಮೇಲೆ ಕರವಸ್ತ್ರ ಎಳೆದುಕೊಂಡ. ಗೆಲುವು ಖಚಿತವೆಂದು ಕ್ಯಾಪ್ಟನ್ ಹಾರ್ಡಿಯ ಬಾಯಿಂದ ಕೇಳಿಸಿಕೊಂಡು, ನಾಲ್ಕೂವರೆಯ ಹೊತ್ತಿಗೆ ತೀರಿಕೊಂಡ. ವಯಸ್ಸು 47. ಬ್ರಿಟಿಷರ ಒಂದು ಹಡಗೂ ಹೋಗಿರಲಿಲ್ಲ. ವಿಕ್ಟರಿಯೊಂದರಲ್ಲೇ 57 ಮಂದಿ ಸತ್ತಿದ್ದರು.

ದೇಹವನ್ನು ಬ್ರಾಂಡಿ ತುಂಬಿದ ಪೀಪಾಯಿಯಲ್ಲಿಟ್ಟು ಸ್ವದೇಶಕ್ಕೆ ತರಲಾಯಿತು. 1806ರ ಜನವರಿ 9ರಂದು ಲಂಡನ್ನಿನ ಸೇಂಟ್ ಪಾಲ್ಸ್ ಕಥೀಡ್ರಲ್‌ನಲ್ಲಿ ರಾಜಮರ್ಯಾದೆಯ ಸಮಾಧಿ. ಅಣ್ಣ ವಿಲಿಯಂನಿಗೆ ಅರ್ಲ್ ಪದವಿ ದೊರೆಯಿತು. ವರ್ಷಕ್ಕೆ 5,000 ಪೌಂಡ್ ಪಿಂಚಣಿ ಆ ವಂಶಕ್ಕೆ 20ನೇ ಶತಮಾನದ ಮಧ್ಯದವರೆಗೂ ಸಂದಿತು. ಕದನದ ದಿನ ಬೆಳಿಗ್ಗೆ ನೆಲ್ಸನ್ ಬರೆದಿಟ್ಟ ಕೊನೆಯ ಕೋರಿಕೆಯೊಂದಿತ್ತು: ಎಮ್ಮಾ ಮತ್ತು ಹೊರೇಶಿಯಾರನ್ನು ದೇಶ ನೋಡಿಕೊಳ್ಳಬೇಕು. ಸರಕಾರ ಅದನ್ನು ಕಡೆಗಣಿಸಿತು. ಸಾಲದಲ್ಲಿ ಮುಳುಗಿ ಸೆರೆವಾಸವನ್ನೂ ಕಂಡ ಎಮ್ಮಾ ಫ್ರಾನ್ಸಿನ ಕಲೆ ಪಟ್ಟಣಕ್ಕೆ ಓಡಿಹೋಗಿ 1815ರ ಜನವರಿಯಲ್ಲಿ ಬಡತನದಲ್ಲಿ ಸತ್ತಳು. ಬಳಿಯಿದ್ದವಳು ಇನ್ನೂ ಹದಿನಾಲ್ಕು ತುಂಬದ ಮಗಳು. ಹೊರೇಶಿಯಾ ಮುಂದೆ ಪಾದ್ರಿಯೊಬ್ಬನ ಕೈಹಿಡಿದು, ತುಂಬು ಸಂಸಾರ ನಡೆಸಿ 1881ರವರೆಗೆ ಬಾಳಿದಳು. ನೆಲ್ಸನ್‌ನ ಮಗಳೆಂಬ ಹೆಮ್ಮೆ ಆಕೆಗಿತ್ತು, ಎಮ್ಮಾ ತನ್ನ ತಾಯಿಯೆಂದು ಮಾತ್ರ ಎಂದೂ ಒಪ್ಪಲಿಲ್ಲ.

ಹಡಗಿನ ಬಗೆಗಿನ ಕಾಳಜಿಯೂ ದೇಶಕ್ಕೆ ಕೂಡಲೇ ಹುಟ್ಟಿದ್ದಲ್ಲ. 1812ರ ಬಳಿಕ ಒಂದು ಶತಮಾನಕ್ಕೂ ಹೆಚ್ಚು ಕಾಲ ಅದು ಬಂದರಿನ ನೀರಿನಲ್ಲಿ ಕೊಳೆಯುತ್ತ ತೇಲಿತು. 1922ರಲ್ಲಿ ಡ್ರೈ ಡಾಕ್‌ಗೆ ಎಳೆದು, ಸಾರ್ವಜನಿಕರ ವಂತಿಗೆಯಿಂದ ಜೀರ್ಣೋದ್ಧಾರ ನಡೆಸಲಾಯಿತು. 1941ರಲ್ಲಿ ಜರ್ಮನ್ ಬಾಂಬೊಂದು ಬಿದ್ದು ತಳಭಾಗಕ್ಕೆ ಪೆಟ್ಟಾಯಿತು. ನೀರಿನ ಆಸರೆಯಿಲ್ಲದ ಮರ ತನ್ನ ಭಾರಕ್ಕೆ ತಾನೇ ಕುಸಿಯತೊಡಗಿದಾಗ ಸುತ್ತಲೂ ಉಕ್ಕಿನ ಆನಿಕೆಗಳನ್ನು ಕೊಡಲಾಯಿತು. 2022ರಲ್ಲಿ ಕೈಗೆತ್ತಿಕೊಂಡ ದುರಸ್ತಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುವಂಥದ್ದು. ಶಿಲೀಂಧ್ರ ಮತ್ತು ಹುಳು ತಿಂದ ಹಲಗೆಗಳನ್ನು ಕಿತ್ತು ಹೊಸ ಓಕ್ ಹಲಗೆ ಕೂರಿಸುವ ಕೆಲಸ ಅದು. ಅದಕ್ಕಾಗಿ ಪ್ರವೇಶವನ್ನು ನಿಲ್ಲಿಸಿಲ್ಲ. ಬಡಗಿಗಳ ಸುತ್ತಿಗೆಯ ಸದ್ದಿನ ನಡುವೆಯೇ ಜನ ಒಳಹೋಗಿ ಬರುತ್ತಾರೆ.