ಅಂಬೇಡ್ಕರರು ಓದಿದ ರಾಜ್ಯಶಾಸ್ತ್ರ ನಿಕಾಯ



ಭಾರತ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದ ಡಾಕ್ಟರ್ ಭೀಮರಾವ್ ಅಂಬೇಡ್ಕರರ ಹೆಸರನ್ನು ನೀವು ಹಿರಿಯರಿಂದ ಕೇಳಿಯೇ ಇರುವಿರಿ. ಆದರೆ ಆ ಮಹನೀಯರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದರೆಂಬುದನ್ನೂ, ಅವರಿಗೆ ಆಶ್ರಯವಿತ್ತ ರಾಜ್ಯಶಾಸ್ತ್ರ ನಿಕಾಯವು ಎಂತಹ ಸಂಕಲ್ಪದಿಂದ ಜನಿಸಿತೆಂಬುದನ್ನೂ ಬಲ್ಲವರು ವಿರಳ.

ನಿಕಾಯದ ಸ್ಥಾಪಕರು ಜಾನ್ ಬರ್ಜೆಸ್ ಎಂಬ ಪ್ರಾಧ್ಯಾಪಕರು. ಟೆನೆಸೀ ಪ್ರಾಂತದಲ್ಲಿ ಹುಟ್ಟಿ, ಅಮೆರಿಕೆಯ ಅಂತರ್ಯುದ್ಧದಲ್ಲಿ ಎಳೆಯ ವಯಸ್ಸಿನಲ್ಲಿಯೇ ಉತ್ತರದವರ ಸೇನೆಯನ್ನು ಸೇರಿದ ಅವರು, ಘೋರ ಕದನವೊಂದರ ತರುವಾಯ, ಮಳೆಗರೆಯುವ ಇರುಳಿನಲ್ಲಿ ಕಾವಲು ನಿಂತು, ಗಾಯಾಳುಗಳ ನರಳಾಟವನ್ನು ಕೇಳುತ್ತ, ಮನುಷ್ಯರು ತಮ್ಮ ಕಲಹಗಳನ್ನು ರಕ್ತಪಾತದಿಂದಲ್ಲದೆ ವಿವೇಕದಿಂದ ಪರಿಹರಿಸಿಕೊಳ್ಳುವ ಬಗೆಯನ್ನು ಬೋಧಿಸುವುದಕ್ಕೆ ತಮ್ಮ ಜೀವಿತವನ್ನು ಮುಡಿಪಿಡುವುದಾಗಿ ನಿಶ್ಚಯಿಸಿದರೆಂದು ಆತ್ಮಚರಿತ್ರೆಯಲ್ಲಿ ಬರೆದಿದ್ದಾರೆ. ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ ಓದಿ, 1876ರಲ್ಲಿ ಕೊಲಂಬಿಯಾಕ್ಕೆ ಬಂದ ಅವರು ಅಲ್ಲಿನ ಆಡಳಿತ ಮಂಡಲಿಯನ್ನು ಒಡಂಬಡಿಸಿ, ಪ್ಯಾರಿಸಿನ ರಾಜ್ಯಶಾಸ್ತ್ರ ವಿದ್ಯಾಲಯದ ಮೇಲ್ಪಂಕ್ತಿಯಂತೆ 1880ರಲ್ಲಿ ಈ ನಿಕಾಯವನ್ನು ಆರಂಭಿಸಿದರು. 1886ರಲ್ಲಿ ಅದರ ವಿದ್ವತ್ಪತ್ರಿಕೆಯಾದ ರಾಜ್ಯಶಾಸ್ತ್ರ ತ್ರೈಮಾಸಿಕವೂ ಹೊರಟಿತು.

ನಿಕಾಯದ ಆಡಳಿತದ ಏರ್ಪಾಡು ಗಮನಾರ್ಹವಾದುದು. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಾಂಗ ವಿಷಯಕವಾದ ಕಾನೂನು ಇವೆಲ್ಲವೂ ಕ್ರಮೇಣ ಬೇರೆ ಬೇರೆ ವಿಭಾಗಗಳಾಗಿ ಬೆಳೆದರೂ, ಕೂಡು ಕುಟುಂಬದ ಸೋದರರಂತೆ ಒಂದೇ ನಿಕಾಯದ ಆಶ್ರಯದಲ್ಲಿದ್ದುವು. ಇಂದು ರಾಜ್ಯಶಾಸ್ತ್ರವೆಂದು ಕರೆಯಲ್ಪಡುವ ವಿಭಾಗವು ಬಹುಕಾಲ ಸಾರ್ವಜನಿಕ ಕಾನೂನು ಮತ್ತು ಸರ್ಕಾರದ ವಿಭಾಗವೆಂದೇ ಪ್ರಸಿದ್ಧವಾಗಿತ್ತು.

ಇಲ್ಲಿ ಒಂದು ಕಹಿಸತ್ಯವನ್ನು ಮರೆಮಾಚಲಾಗದು. ವಿವೇಕವನ್ನು ಬೋಧಿಸಲು ಹೊರಟ ಬರ್ಜೆಸರೇ, ಕರಿಯ ಜನರು ಸಮಾನ ರಾಜಕೀಯ ಹಕ್ಕುಗಳಿಗೆ ಅರ್ಹರಲ್ಲವೆಂದು ತಮ್ಮ ಗ್ರಂಥಗಳಲ್ಲಿ ವಾದಿಸಿದರು. ಅವರು 1912ರಲ್ಲಿ ನಿವೃತ್ತರಾದರು. ಮರುವರ್ಷವೇ, ಅಸ್ಪೃಶ್ಯರೆಂದು ಹಿಂದೂ ಸಮಾಜವು ದೂರವಿಟ್ಟ ಕುಲದಲ್ಲಿ ಜನಿಸಿದ ಅಂಬೇಡ್ಕರರು, ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನವನ್ನು ಪಡೆದು ಅದೇ ನಿಕಾಯವನ್ನು ಪ್ರವೇಶಿಸಿದರು. ಅವರು ತೆಗೆದುಕೊಂಡ ಪಾಠಕ್ರಮಗಳಲ್ಲಿ ಅರ್ಥಶಾಸ್ತ್ರದವು 29, ಇತಿಹಾಸದವು 11, ಸಮಾಜಶಾಸ್ತ್ರದವು 6. ರಾಜ್ಯಶಾಸ್ತ್ರದವು ಮೂರೇ ಮೂರು! ವಿಭಾಗಗಳ ನಡುವಣ ಗೋಡೆ ತಗ್ಗಾಗಿದ್ದುದರಿಂದ, ಹಣಕಾಸಿನ ಪ್ರಶ್ನೆಯನ್ನು ಸಮಾಜದ ಪ್ರಶ್ನೆಯೊಡನೆ ಹೊಂದಿಸಿ ನೋಡುವ ಅವಕಾಶ ಅವರಿಗೆ ದೊರೆಯಿತು. ಅವರ ಗುರು ಸೆಲಿಗ್‌ಮನ್ನರು ಅರ್ಥಶಾಸ್ತ್ರಜ್ಞರು. ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸನ್ನು ಕುರಿತು ಅಂಬೇಡ್ಕರರು 1925ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಮುನ್ನುಡಿ ಬರೆದವರೂ ಸೆಲಿಗ್‌ಮನ್ನರೇ. 1952ರಲ್ಲಿ ಕೊಲಂಬಿಯಾವು ತನ್ನ ಹಳೆಯ ವಿದ್ಯಾರ್ಥಿಗೆ ಗೌರವ ಡಾಕ್ಟರೇಟನ್ನು ಅರ್ಪಿಸಿತು.

ಮಕ್ಕಳೇ, ಸ್ಥಾಪಕನ ಮನಸ್ಸು ಸಂಕುಚಿತವಾಗಿದ್ದರೂ ಆತನು ಕಟ್ಟಿದ ಸಂಸ್ಥೆಯು ವಿಶಾಲವಾಗಿ ಬೆಳೆಯಬಲ್ಲುದು. ಆದರೆ ಅದು ತಾನಾಗಿ ಬೆಳೆಯದು, ಬಾಗಿಲನ್ನು ತೆರೆದಿಡುವ ಅಧ್ಯಾಪಕರೂ, ಅದರೊಳಗೆ ಧೈರ್ಯದಿಂದ ಕಾಲಿಡುವ ವಿದ್ಯಾರ್ಥಿಗಳೂ ಅದಕ್ಕೆ ಬೇಕು. ನೀವು ನಾಳೆ ಯಾವ ವಿದ್ಯಾಲಯವನ್ನು ಸೇರಿದರೂ, ಅದನ್ನು ಕಟ್ಟಿದವರ ಗುಣದೋಷಗಳೆರಡನ್ನೂ ಅರಿತುಕೊಳ್ಳಿರಿ. ನಿಮ್ಮ ವಿಷಯದ ಪಕ್ಕದ ಕೊಠಡಿಯ ಪಾಠವನ್ನೂ ಕೇಳಿರಿ.